ಪುಟಿತದ ಸೂತ್ರ: ಚೆಂಡಿನ ನೆಗೆತ ಗಣಿತವಾದ ಬಗೆ

ಟಿವಿ ಚಾನೆಲ್ಲಿನ ಲಾಂಛನ ಪರದೆಯ ಮೇಲಂಚಿನಿಂದ ಬಿದ್ದು, ಎರಡು ಮೂರು ಸಲ ಪುಟಿದು ನಿಲ್ಲುತ್ತದೆ. ಜಾಹೀರಾತಿನ ಅಕ್ಷರಗಳು ಒಂದರ ಹಿಂದೊಂದು ಕುಣಿಯುತ್ತ ಬಂದು ಸಾಲುಗೂಡುತ್ತವೆ. ಮೊಬೈಲಿನ ಗುಂಡಿಯನ್ನು ಒತ್ತಿದರೆ ಅದು ಕ್ಷಣಕಾಲ ಉಬ್ಬಿ, ತಗ್ಗಿ, ತನ್ನ ಅಳತೆಗೆ ಮರಳುತ್ತದೆ. ಮೋಷನ್ ಗ್ರಾಫಿಕ್ಸ್ ಕಸುಬಿನಲ್ಲಿ ಇವು ದಿನಬಳಕೆಯ ಚಲನೆಗಳು. ಇಂದು ಇವುಗಳಲ್ಲಿ ಹೆಚ್ಚಿನವನ್ನು ಯಾರೂ ಫ್ರೇಮ್ ಫ್ರೇಮಾಗಿ ಬಿಡಿಸುವುದಿಲ್ಲ. ಎಕ್ಸ್‌ಪ್ರೆಶನ್ ಎಂದು ಕರೆಯುವ ನಾಲ್ಕಾರು ಸಾಲಿನ ಗಣಿತ ಪ್ರತಿ ಫ್ರೇಮಿಗೂ ಸ್ಥಾನವನ್ನು ಲೆಕ್ಕಹಾಕಿ ಕೊಡುತ್ತದೆ. ಈ ಸಾಲುಗಳ ಹಿಂದೆ ಎರಡು ಪರಂಪರೆಗಳಿವೆ. ಬೀಳುವ ವಸ್ತುವನ್ನು ಅಳೆದ ವಿಜ್ಞಾನಿಗಳದು ಒಂದು, ಅದನ್ನು ಕಾಗದದ ಮೇಲೆ ಬರೆದ ಚಿತ್ರಕಾರರದು ಇನ್ನೊಂದು. ಬಹುಕಾಲ ಇವೆರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ.

ಅಳತೆಯ ಕಥೆ ಗೆಲಿಲಿಯೊನಿಂದ ಶುರುವಾಗುತ್ತದೆ. 1638ರಲ್ಲಿ ಲೈಡನ್ ನಗರದಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ಆತ, ಬೀಳುವ ವಸ್ತು ಸಮಾನ ಕಾಲಾವಧಿಗಳಲ್ಲಿ ಕ್ರಮಿಸುವ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿ ಏರುತ್ತವೆ ಎಂದು ತೋರಿಸಿದ. ಬಿದ್ದ ಒಟ್ಟು ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಇದರದೇ ಇನ್ನೊಂದು ರೂಪ. ಮೇಲಕ್ಕೆ ಚಿಮ್ಮಿದ ಚೆಂಡಿಗೆ ಇದೇ ಲೆಕ್ಕ ತಲೆಕೆಳಗಾಗಿ ಅನ್ವಯಿಸುತ್ತದೆ. ಹೀಗಾಗಿ ಚೆಂಡು ಗಾಳಿಯಲ್ಲಿರುವ ಹೊತ್ತಿನ ಅರ್ಧವನ್ನು ತನ್ನ ಎತ್ತರದ ಮೇಲಿನ ಕಾಲುಭಾಗದಲ್ಲೇ ಕಳೆಯುತ್ತದೆ. ತುದಿಯಲ್ಲಿ ತಡೆದು ನಿಂತಂತೆ, ನೆಲದ ಹತ್ತಿರ ಮಿಂಚಿ ಮಾಯವಾದಂತೆ ಕಾಣುವುದಕ್ಕೆ ಇದೇ ಕಾರಣ. ಮುನ್ನೂರು ವರ್ಷಗಳ ನಂತರ ಆನಿಮೇಟರುಗಳು ತಮ್ಮ ಹಾಳೆಯ ಅಂಚಿನಲ್ಲಿ ಗೆರೆಗಳನ್ನು ಮೇಲೆ ಒತ್ತಾಗಿಯೂ ಕೆಳಗೆ ವಿರಳವಾಗಿಯೂ ಎಳೆದುಕೊಂಡಾಗ ಅವರು ಬರೆಯುತ್ತಿದ್ದದ್ದು ಈ ಬೆಸಸಂಖ್ಯೆಗಳನ್ನೇ.

ಬಿದ್ದದ್ದು ಎಷ್ಟು ಮೇಲೇಳುತ್ತದೆ ಎಂಬ ಪ್ರಶ್ನೆಗೆ ನ್ಯೂಟನ್ ಉತ್ತರ ಹುಡುಕಿದ. 1687ರ ‘ಪ್ರಿನ್ಸಿಪಿಯಾ’ದ ಆರಂಭದಲ್ಲೇ, ದಾರಕ್ಕೆ ಕಟ್ಟಿ ತೂಗಾಡಿಸಿದ ಗುಂಡುಗಳನ್ನು ಪರಸ್ಪರ ಡಿಕ್ಕಿ ಹೊಡೆಸಿದ ಪ್ರಯೋಗಗಳ ವಿವರವಿದೆ. ಎರಡು ಗುಂಡುಗಳು ಹತ್ತಿರವಾದ ವೇಗಕ್ಕೂ ದೂರವಾದ ವೇಗಕ್ಕೂ ಇರುವ ಪ್ರಮಾಣ ವಸ್ತುವಿನ ಮೇಲೆ ಅವಲಂಬಿಸಿದೆಯೇ ಹೊರತು ಡಿಕ್ಕಿಯ ರಭಸದ ಮೇಲಲ್ಲ ಎಂದು ಆತ ಕಂಡ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳಲ್ಲಿ ಈ ಪ್ರಮಾಣ 9ಕ್ಕೆ 5, ಗಾಜಿನ ಗುಂಡುಗಳಲ್ಲಿ 16ಕ್ಕೆ 15. ಪುಟಿತದ ಗುಣಾಂಕ ಎನ್ನಬಹುದಾದ ಈ ಒಂದು ಸಂಖ್ಯೆಯೇ ನೆಲಕ್ಕೆ ಬಿದ್ದು ಪುಟಿಯುವ ಚಲನೆಯ ಮುಂದಿನ ಎಲ್ಲ ಸೂತ್ರಗಳ ತಿರುಳು. ಇಂದು ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದಕ್ಕೆ ಉದಾಹರಣೆ ಟೆನಿಸ್ ಚೆಂಡು. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ಸಾಮಾನ್ಯ ಚೆಂಡು 135ರಿಂದ 147 ಸೆಂಟಿಮೀಟರ್‌ವರೆಗೆ ಪುಟಿಯಬೇಕು. ಎತ್ತರ ವೇಗದ ವರ್ಗವನ್ನು ಅನುಸರಿಸುವುದರಿಂದ ಗುಣಾಂಕ ಸುಮಾರು 0.73ರಿಂದ 0.76ರ ನಡುವೆ ಬೀಳುತ್ತದೆ.

ಗುಣಾಂಕ ಗೊತ್ತಾದರೆ ಇಡೀ ಪುಟಿತ ಗೊತ್ತಾದಂತೆ. ಪ್ರತಿ ಸಲ ವೇಗ ಅಷ್ಟೇ ಪಟ್ಟು ಕುಗ್ಗುತ್ತದೆ, ಗಾಳಿಯಲ್ಲಿರುವ ಕಾಲವೂ ಅಷ್ಟೇ ಪಟ್ಟು ಕುಗ್ಗುತ್ತದೆ, ಎತ್ತರ ಆ ಸಂಖ್ಯೆಯ ವರ್ಗದಷ್ಟು ಕುಗ್ಗುತ್ತದೆ. ಗುಣಾಂಕ ಅರ್ಧವಾಗಿದ್ದರೆ ನೆಗೆತದ ಕಾಲ ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತದೆ. ಎತ್ತರ ಕಾಲು, ಹದಿನಾರನೇ ಒಂದು, ಅರವತ್ನಾಲ್ಕನೇ ಒಂದು ಎಂದು ಇಳಿಯುತ್ತದೆ. ಹೈಸ್ಕೂಲಿನಲ್ಲಿ ಕಲಿಯುವ ಗುಣೋತ್ತರ ಶ್ರೇಢಿಯೇ ಇದು. ಇದರ ಮೊತ್ತದಲ್ಲಿ ಒಂದು ಸೊಗಸಿದೆ: ಲೆಕ್ಕದ ಪ್ರಕಾರ ಪುಟಿತಗಳು ಅನಂತ, ಆದರೆ ಅವೆಲ್ಲ ಮುಗಿಯಲು ಬೇಕಾದ ಕಾಲ ಮಿತವಾದದ್ದು. ಮೊದಲ ಬೀಳುವಿಕೆಗೆ ಒಂದು ಮಾನ ಹಿಡಿದರೆ, ಗುಣಾಂಕ ಅರ್ಧವಿರುವ ಚೆಂಡು ಸರಿಯಾಗಿ ಮೂರು ಮಾನದಲ್ಲಿ ನಿಂತುಬಿಡುತ್ತದೆ. ಸದ್ದು ಮಾಡುವ ಚೆಂಡು ಕೊನೆಕೊನೆಗೆ ಟಪಟಪನೆ ಅವಸರವಾಗಿ ಬಡಿದು ಥಟ್ಟನೆ ಸುಮ್ಮನಾಗುವುದನ್ನು ಕೇಳಿದವರಿಗೆ ಈ ಮೊತ್ತದ ಪರಿಚಯ ಕಿವಿಯಿಂದಲೇ ಆಗಿರುತ್ತದೆ.

ಇನ್ನೊಂದು ಬಗೆಯ ಪುಟಿತಕ್ಕೆ ನೆಲವೇ ಬೇಕಿಲ್ಲ. ಸ್ಪ್ರಿಂಗಿಗೆ ಕಟ್ಟಿದ ವಸ್ತು ತನ್ನ ನೆಲೆಯನ್ನು ದಾಟಿ ಮುಂದೆ ಹೋಗಿ, ಹಿಂದೆ ಬಂದು, ತೂಗಾಡುತ್ತ ನಿಲ್ಲುತ್ತದೆ. ಹಿಗ್ಗಿದಷ್ಟೂ ಎಳೆತ ಹೆಚ್ಚು ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಮುಂದಿನ ಶತಮಾನದಲ್ಲಿ ಆಯ್ಲರ್ ಮತ್ತವನ ಸಮಕಾಲೀನರ ಕೈಯಲ್ಲಿ ಅವಕಲ ಸಮೀಕರಣಗಳು ಬೆಳೆದ ಮೇಲೆ ಈ ತೂಗಾಟಕ್ಕೆ ಅಚ್ಚುಕಟ್ಟಾದ ಉತ್ತರ ದೊರೆಯಿತು: ಒಂದು ಸೈನ್ ಅಲೆ, ಅದನ್ನು ಗುಣಿಸುವ ಒಂದು ಇಳಿಮುಖದ ಘಾತಾಂಕ ರೇಖೆ. ಅಲೆ ಅಲ್ಲಾಡಿಸುತ್ತದೆ, ಘಾತಾಂಕ ಅಡಗಿಸುತ್ತದೆ. ಇಂದಿನ ಮೋಷನ್ ಗ್ರಾಫಿಕ್ಸ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಪುಟಿತ ಈ ಎರಡರ ಗುಣಲಬ್ಧವೇ.

ಚಿತ್ರಕಾರರ ದಾರಿ ಬೇರೆ. ಚಲನೆಯನ್ನು ಕಣ್ಣಿಗೆ ಹಿಡಿದುಕೊಡುವ ಸಾಧನ ಮೊದಲು ಒದಗಿದ್ದು 19ನೇ ಶತಮಾನದ ಕೊನೆಯಲ್ಲಿ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ 1880ರ ದಶಕದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಚೆಂಡನ್ನು ಎಸೆದು, ಅದರ ಅನೇಕ ಸ್ಥಾನಗಳನ್ನು ಒಂದೇ ಫೋಟೊ ಫಲಕದ ಮೇಲೆ ಮೂಡಿಸಿದ. ಕಮಾನಿನ ನೆತ್ತಿಯಲ್ಲಿ ಒತ್ತೊತ್ತಾಗಿ, ಬುಡದಲ್ಲಿ ದೂರದೂರವಾಗಿ ಬಿದ್ದಿರುವ ಬಿಳಿಯ ಚುಕ್ಕೆಗಳ ಆ ಚಿತ್ರವನ್ನು ಇಂದಿನ ಆನಿಮೇಶನ್ ವಿದ್ಯಾರ್ಥಿಯ ಮುಂದಿಟ್ಟರೆ, ಅದು ತನ್ನ ಮೊದಲ ವಾರದ ಪಾಠವೆಂದೇ ಆತ ಗುರುತಿಸುತ್ತಾನೆ.

ಪರದೆಯ ಮೇಲೆ ಪುಟಿಯುವ ಚೆಂಡನ್ನು ಮನೆಮಾತಾಗಿಸಿದವರು ನ್ಯೂಯಾರ್ಕಿನ ಮ್ಯಾಕ್ಸ್ ಫ್ಲೈಷರ್. 1920ರ ದಶಕದ ಅವರ ಹಾಡಿನ ಕಿರುಚಿತ್ರಗಳಲ್ಲಿ ಸಾಹಿತ್ಯದ ಸಾಲಿನ ಮೇಲೆ ಒಂದು ಚೆಂಡು ಪದದಿಂದ ಪದಕ್ಕೆ ಜಿಗಿಯುತ್ತಿತ್ತು, ಚಿತ್ರಮಂದಿರದಲ್ಲಿ ಕುಳಿತವರು ಅದನ್ನು ನೋಡಿ ಒಟ್ಟಾಗಿ ಹಾಡುತ್ತಿದ್ದರು. ಅದು ಬಹುಮಟ್ಟಿಗೆ ಬರೆದ ಚೆಂಡಲ್ಲ. ಕೋಲಿನ ತುದಿಗೆ ಸಿಕ್ಕಿಸಿದ ಹೊಳೆಯುವ ಗುಂಡನ್ನು ಕೈಯಿಂದ ಆಡಿಸಿ ಚಿತ್ರೀಕರಿಸಿದ್ದು. ಇಲ್ಲಿ ಚೆಂಡು ಯಾವಾಗ ನೆಲ ಮುಟ್ಟಬೇಕೆಂದು ಹೇಳುವುದು ಗುರುತ್ವವಲ್ಲ, ತಾಳ. ಕಾಲವನ್ನು ಹೊರಗಿನಿಂದ ಕೊಟ್ಟು ಎತ್ತರವನ್ನು ಅದಕ್ಕೆ ಹೊಂದಿಸುವ ಈ ಉಪಾಯವನ್ನು ಭೌತಶಾಸ್ತ್ರ ಕಲಿಸುವುದಿಲ್ಲ. ಆದರೆ ಮೋಷನ್ ಗ್ರಾಫಿಕ್ಸ್‌ಗೆ ಅದು ಅತ್ಯಂತ ಮುಖ್ಯವಾದ ತಿಳಿವಳಿಕೆ.

ಪುಟಿತವನ್ನು ವ್ಯವಸ್ಥಿತ ವಿದ್ಯೆಯಾಗಿಸಿದ್ದು ಡಿಸ್ನಿ ಸ್ಟುಡಿಯೊ. 1932ರಿಂದ ಡಾನ್ ಗ್ರಹಾಂ ಅಲ್ಲಿನ ಚಿತ್ರಕಾರರಿಗೆ ಸಂಜೆಯ ತರಗತಿಗಳನ್ನು ನಡೆಸಿದರು. 1937ರ ‘ಸ್ನೋ ವೈಟ್’ ಹೊತ್ತಿಗೆ ಸ್ಟುಡಿಯೊದ ಒಳಗೆ ಒಂದು ಪರಿಭಾಷೆಯೇ ರೂಪುಗೊಂಡಿತ್ತು. ಚೆಂಡು ನೆಲಕ್ಕೆ ಅಪ್ಪಳಿಸಿದಾಗ ಅದನ್ನು ಚಪ್ಪಟೆಯಾಗಿ ಬರೆಯಬೇಕು, ವೇಗವಾಗಿ ಹೋಗುವಾಗ ಉದ್ದಕ್ಕೆ ಎಳೆದು ಬರೆಯಬೇಕು, ಆದರೆ ಅದರ ಗಾತ್ರ ಬದಲಾಗಬಾರದು. ಈ ಹಿಗ್ಗು–ಕುಗ್ಗಿನ ನಿಯಮ ಅವರ ಹನ್ನೆರಡು ತತ್ವಗಳಲ್ಲಿ ಮೊದಲನೆಯದು. ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ಬರೆಯುವುದು ಅದೇ ಪಾಠದ ಮುಂದಿನ ಮೆಟ್ಟಿಲು. ಆದರೆ ಈ ತತ್ವಗಳು ಹನ್ನೆರಡರ ಪಟ್ಟಿಯಾಗಿ ಪುಸ್ತಕದಲ್ಲಿ ಬಂದದ್ದು 1981ರಲ್ಲಿ, ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಬರೆದ ‘ದಿ ಇಲ್ಯೂಷನ್ ಆಫ್ ಲೈಫ್’ ಮೂಲಕ. ಅಲ್ಲಿಯವರೆಗೆ ಇದು ಬಹುಪಾಲು ಗುರುವಿನ ಮೇಜಿನಿಂದ ಶಿಷ್ಯನ ಮೇಜಿಗೆ ದಾಟುತ್ತಿದ್ದ ವಿದ್ಯೆ. ಭಾರತಕ್ಕೂ ಅದು ಹಾಗೆಯೇ ಬಂತು: ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ರಾಮ್ ಮೋಹನ್ ಮೊದಲಾದವರಿಗೆ ತರಬೇತಿ ಕೊಟ್ಟರು. ಮರುವರ್ಷ ಹೊರಬಂದ ‘ದಿ ಬ್ಯಾನಿಯನ್ ಡೀರ್’ ಆ ತರಬೇತಿಯ ಫಲ.

ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದ ಈ ಚಿತ್ರಕಾರರ ಚೆಂಡು ನಿಜವಾದ ಚೆಂಡಿನ ನಕಲಾಗಿರಲಿಲ್ಲ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ತಲುಪಲು ಸುಮಾರು 0.45 ಸೆಕೆಂಡ್ ಬೇಕು. ಅಂದರೆ ಹನ್ನೊಂದು ಫ್ರೇಮ್. ನೆಲ ಮುಟ್ಟಿದ ಸ್ಥಿತಿಯಾದರೋ ಒಂದು ಫ್ರೇಮಿನೊಳಗೇ ಆಗಿಹೋಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಆನಿಮೇಟರ್ ಅದಕ್ಕೆಂದೇ ಒಂದೆರಡು ಫ್ರೇಮ್ ಮೀಸಲಿಡುತ್ತಿದ್ದ, ಚಪ್ಪಟೆತನವನ್ನು ಹೆಚ್ಚಿಸುತ್ತಿದ್ದ, ತುದಿಯಲ್ಲಿ ಇನ್ನಷ್ಟು ತಡೆಯುತ್ತಿದ್ದ. ತೂಕ, ಮೃದುತ್ವ, ಉತ್ಸಾಹ, ಇವನ್ನೆಲ್ಲ ತಿಳಿಸುತ್ತಿದ್ದದ್ದು ಈ ಉತ್ಪ್ರೇಕ್ಷೆಯ ಪ್ರಮಾಣ. ಪುಟಿತದ ಗಣಿತದ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಈ ಅಂಶ ನೆನಪಿನಲ್ಲಿರಬೇಕು. ಸೂತ್ರಗಳು ಕೊನೆಗೆ ಹಿಡಿಯಲು ಹೊರಟದ್ದು ನಿಸರ್ಗವನ್ನಲ್ಲ, ಈ ಕೈಯ ತೀರ್ಪನ್ನು.

ಕಂಪ್ಯೂಟರ್ ಬಂದ ಕೂಡಲೇ ಅದರ ಪರದೆಯ ಮೇಲೆ ಮೂಡಿದ ಮೊದಮೊದಲ ಚಲಿಸುವ ಚಿತ್ರಗಳಲ್ಲಿ ಒಂದು ಪುಟಿಯುವ ಚೆಂಡೇ ಆಗಿತ್ತು. ಅಮೆರಿಕದ ಎಂಐಟಿಯಲ್ಲಿ ಕಟ್ಟಿದ ವರ್ಲ್‌ವಿಂಡ್ ಯಂತ್ರಕ್ಕಾಗಿ 1950ರ ಸುಮಾರಿಗೆ ಚಾರ್ಲ್ಸ್ ಆ್ಯಡಮ್ಸ್ ಬರೆದ ಪ್ರೋಗ್ರಾಂ, ಅವಕಲ ಸಮೀಕರಣಗಳನ್ನು ಬಿಡಿಸುತ್ತ ಬೆಳಕಿನ ಚುಕ್ಕೆಯೊಂದನ್ನು ನೆಲದ ಮೇಲೆ ನೆಗೆಸುತ್ತಿತ್ತು. 1958ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾತಮ್, ಸಂದರ್ಶಕರನ್ನು ರಂಜಿಸಲೆಂದು ಆಸಿಲೋಸ್ಕೋಪಿನ ಮೇಲೆ ಟೆನಿಸ್ ಆಟವನ್ನು ರೂಪಿಸಿದರು. ಅವರ ಅನಲಾಗ್ ಕಂಪ್ಯೂಟರಿನ ಕೈಪಿಡಿಯಲ್ಲಿ ಪುಟಿಯುವ ಚೆಂಡಿನ ಪಥವನ್ನು ಮೂಡಿಸುವ ವಿಧಾನ ಮೊದಲೇ ಇತ್ತು. ಆಟ ಹುಟ್ಟಿದ್ದು ಅದನ್ನು ಓದಿ.

ಇವೆಲ್ಲ ಹೆಜ್ಜೆಹೆಜ್ಜೆಯಾಗಿ ನಡೆಯುವ ಲೆಕ್ಕಗಳು. ಯಂತ್ರ ಈಗಿನ ಸ್ಥಾನ ಮತ್ತು ವೇಗವನ್ನು ನೆನಪಿಟ್ಟುಕೊಂಡು, ವೇಗಕ್ಕೆ ಗುರುತ್ವವನ್ನು ಸೇರಿಸಿ, ಸ್ಥಾನಕ್ಕೆ ವೇಗವನ್ನು ಸೇರಿಸಿ, ನೆಲ ಮುಟ್ಟಿದ್ದರೆ ವೇಗದ ದಿಕ್ಕನ್ನು ತಿರುಗಿಸಿ ಗುಣಾಂಕದಿಂದ ಗುಣಿಸುತ್ತದೆ. ವಿಡಿಯೊ ಆಟಗಳು ಇಂದಿಗೂ ಹಿಡಿದಿರುವುದು ಈ ದಾರಿಯನ್ನೇ. ಇದರ ದೌರ್ಬಲ್ಯವೂ ಸ್ಪಷ್ಟ. ಐನೂರನೇ ಫ್ರೇಮಿನಲ್ಲಿ ಚೆಂಡು ಎಲ್ಲಿದೆ ಎಂದು ತಿಳಿಯಬೇಕಾದರೆ ಮೊದಲ ಫ್ರೇಮಿನಿಂದ ನಡೆದೇ ಬರಬೇಕು. ಹೆಜ್ಜೆಯ ಅಳತೆ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ.

ಮೋಷನ್ ಗ್ರಾಫಿಕ್ಸ್ ಎಂಬ ಹೆಸರನ್ನು ಮೊದಲಿಗೆ ಸಂಸ್ಥೆಯೊಂದಕ್ಕೆ ಇಟ್ಟವರಲ್ಲಿ ಜಾನ್ ವಿಟ್ನಿ ಪ್ರಮುಖರು. ಎರಡನೇ ಮಹಾಯುದ್ಧದ ವಿಮಾನವಿರೋಧಿ ತೋಪುಗಳ ಗುರಿಲೆಕ್ಕದ ಯಂತ್ರವನ್ನು ಕೊಂಡು ಅವರು ಕ್ಯಾಮೆರಾ ಮತ್ತು ಚಿತ್ರಗಳನ್ನು ಚಲಿಸುವಂತೆ ಮಾಡುವ ಸಾಧನವಾಗಿ ಮಾರ್ಪಡಿಸಿದರು. 1958ರ ‘ವರ್ಟಿಗೊ’ ಚಿತ್ರದ ಶೀರ್ಷಿಕೆಯಲ್ಲಿ ಸುತ್ತುವ ಸುರುಳಿಗಳು ಅವರ ಕೊಡುಗೆ. ಮೋಷನ್ ಗ್ರಾಫಿಕ್ಸ್ ಇನ್‌ಕಾರ್ಪೊರೇಟೆಡ್ ಸ್ಥಾಪನೆಯಾದದ್ದು 1960ರಲ್ಲಿ. ಅಲ್ಲಿಂದ ಮುಂದೆ ಕಂಪ್ಯೂಟರ್ ಚಿತ್ರ ಎರಡು ಕವಲಾಯಿತು. ವಿಟ್ನಿಯವರದು ಸೂತ್ರದ ದಾರಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ 1970ರ ಸುಮಾರಿಗೆ ತೆರೆದದ್ದು ಕೀಫ್ರೇಮಿನ ದಾರಿ: ಮುಖ್ಯ ಭಂಗಿಗಳನ್ನು ಕಲಾವಿದ ಕೊಡುತ್ತಾನೆ, ನಡುವಿನವನ್ನು ಯಂತ್ರ ತುಂಬುತ್ತದೆ. 1974ರ ‘ಹಂಗರ್’ ಕಿರುಚಿತ್ರ ಹೀಗೆ ತಯಾರಾಯಿತು. ಸ್ಟುಡಿಯೊಗಳ ಸಂಪ್ರದಾಯಕ್ಕೆ ಒಗ್ಗಿದ್ದು ಈ ಎರಡನೆಯ ದಾರಿ, ಅದು ಸಹಜವೇ. ಹಿರಿಯ ಆನಿಮೇಟರ್ ಮುಖ್ಯ ಚಿತ್ರ ಬರೆದು ಸಹಾಯಕ ನಡುವಿನದನ್ನು ತುಂಬುವ ಕ್ರಮವೇ ಅಲ್ಲಿ ಮೊದಲಿನಿಂದ ಇತ್ತು.

ಯಂತ್ರ ತುಂಬಿದ ನಡುವಿನ ಚಿತ್ರಗಳಲ್ಲಿ ಜೀವವಿರಲಿಲ್ಲ ಎಂಬ ದೂರು ಬಹುಬೇಗ ಕೇಳಿಬಂತು. 1987ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸಿಟರ್ ಸಿಗ್‌ಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ, ಡಿಸ್ನಿಯ ತತ್ವಗಳನ್ನು ಮೂರು ಆಯಾಮದ ಕಂಪ್ಯೂಟರ್ ಚಿತ್ರಕ್ಕೆ ಅನ್ವಯಿಸುವುದು ಹೇಗೆಂದು ವಿವರಿಸಿತು. ಹಿಂದಿನ ವರ್ಷವಷ್ಟೇ ಬಂದಿದ್ದ ‘ಲಕ್ಸೊ ಜೂನಿಯರ್’ ಚಿತ್ರದಲ್ಲಿ ಒಂದು ಮೇಜುದೀಪ ಚೆಂಡಿನೊಂದಿಗೆ ಕುಣಿದಾಡಿ ಅದೇ ಮಾತನ್ನು ತೋರಿಸಿಕೊಟ್ಟಿತ್ತು. ಇದಕ್ಕೂ ಮುಂಚೆ, 1984ರ ಜನವರಿಯ ಗ್ರಾಹಕ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಅಮಿಗಾ ಕಂಪ್ಯೂಟರಿನ ಮಾದರಿ ಯಂತ್ರ ಕೆಂಪು–ಬಿಳಿ ಚೌಕುಳಿಯ ಚೆಂಡೊಂದನ್ನು ಪರದೆಯ ತುಂಬ ಪುಟಿಸಿ ಜನರನ್ನು ಬೆರಗುಗೊಳಿಸಿತ್ತು. ಡೇಲ್ ಲಕ್ ಮತ್ತು ಆರ್.ಜೆ. ಮಿಕಲ್ ಬರೆದ ಆ ಪ್ರದರ್ಶನದಲ್ಲಿ ಚೆಂಡು ಉರುಳಿದಂತೆ ಕಾಣುತ್ತಿದ್ದದ್ದು ಬಣ್ಣಗಳ ಪಟ್ಟಿಯನ್ನು ಸರದಿಯಂತೆ ಬದಲಿಸಿದ್ದರಿಂದ ಮಾತ್ರ. ಪ್ರತಿ ಸಲವೂ ಹೊಸ ಚಿತ್ರ ಬರೆಯುವ ಶ್ರಮ ಅಲ್ಲಿರಲಿಲ್ಲ.

ಸೂತ್ರ ಮತ್ತು ಕೀಫ್ರೇಮಿನ ಎರಡು ಕವಲುಗಳು ಒಂದಾದದ್ದು 2001ರಲ್ಲಿ, ಅದೂ ಎರಡು ಕಡೆ.

ಮೊದಲನೆಯದು ಫ್ಲಾಶ್. ಆಗ ಜಾಲತಾಣಗಳ ಚಲನೆ ಬಹುಪಾಲು ಮ್ಯಾಕ್ರೋಮೀಡಿಯಾ ಕಂಪನಿಯ ಈ ತಂತ್ರಾಂಶದಲ್ಲಿ ತಯಾರಾಗುತ್ತಿತ್ತು. ರಾಬರ್ಟ್ ಪೆನ್ನರ್ ಅದಕ್ಕಾಗಿ ಚಲನೆಯ ಏರಿಳಿತವನ್ನು ನಿಯಂತ್ರಿಸುವ ಸೂತ್ರಗಳ ಒಂದು ಕಂತೆಯನ್ನು ಬರೆದು ಮುಕ್ತವಾಗಿ ಹಂಚಿದರು. 2002ರಲ್ಲಿ ಪುಸ್ತಕವೂ ಬಂತು. ಅದರಲ್ಲಿನ ಪುಟಿತದ ಸೂತ್ರದಲ್ಲಿ 2.75 ಮತ್ತು 7.5625 ಎಂಬ ಎರಡು ವಿಚಿತ್ರ ಸಂಖ್ಯೆಗಳಿವೆ. ಸಾವಿರಾರು ಪ್ರೋಗ್ರಾಮರುಗಳು ಇವುಗಳ ಅರ್ಥ ಕೇಳದೆ ನಕಲು ಮಾಡಿಕೊಂಡಿದ್ದಾರೆ. ಬಿಡಿಸಿ ನೋಡಿದರೆ ಒಳಗಿರುವುದು ನ್ಯೂಟನ್ನನ ಗುಣಾಂಕವೇ. ಮೊದಲ ಬೀಳುವಿಕೆಗೆ 1 ಮಾನ, ಮೊದಲ ನೆಗೆತಕ್ಕೆ 1, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು, ಕೂಡಿಸಿದರೆ 2.75. ಗುಣಾಂಕ ಸರಿಯಾಗಿ ಅರ್ಧ. 7.5625 ಎಂಬುದು 2.75ರ ವರ್ಗ, ಇಡೀ ಚಲನೆಯನ್ನು ಸೊನ್ನೆಯಿಂದ ಒಂದರ ನಡುವಿನ ಕಾಲಕ್ಕೆ ಕುಗ್ಗಿಸಿದ್ದರಿಂದ ಗುರುತ್ವ ಅಷ್ಟು ಪಟ್ಟು ಹಿಗ್ಗಬೇಕಾಯಿತು. ಅನಂತ ಶ್ರೇಢಿಯ ಮೊತ್ತ ಮೂರಾದರೆ ಪೆನ್ನರ್ ಮೂರು ನೆಗೆತಕ್ಕೇ ನಿಲ್ಲಿಸಿದ್ದಾರೆ. ನಾಲ್ಕನೆಯ ನೆಗೆತದ ಎತ್ತರ ಮೊದಲ ಬೀಳುವಿಕೆಯ 256ನೇ ಒಂದು ಭಾಗ. ಅದನ್ನು ಬಿಟ್ಟರೂ ಕಣ್ಣಿಗೆ ಕೊರತೆ ಕಾಣದು ಎಂಬ ಆ ನಿರ್ಧಾರ ಗಣಿತದ್ದಲ್ಲ, ಕಲಾವಿದನದು. ಫ್ಲಾಶ್‌ಗೆ 2020ರ ಡಿಸೆಂಬರ್ 31ರಂದು ಆ ಹೊತ್ತಿಗೆ ಅದರ ಒಡೆತನ ಹೊಂದಿದ್ದ ಅಡೋಬಿ ತನ್ನ ಬೆಂಬಲವನ್ನು ಕೊನೆಗೊಳಿಸಿತು. ಆದರೆ ಪೆನ್ನರ್ ಸೂತ್ರಗಳು ಅದಕ್ಕೂ ಎಷ್ಟೋ ಮೊದಲೇ ಬೇರೆ ಭಾಷೆಗಳ ಗ್ರಂಥಾಲಯಗಳಿಗೆ ದಾಟಿ ಉಳಿದುಕೊಂಡವು.

ಎರಡನೆಯದು ಆಫ್ಟರ್ ಎಫೆಕ್ಟ್ಸ್. ಅಮೆರಿಕದ ಪ್ರಾವಿಡೆನ್ಸ್ ನಗರದ ಕೋಸಾ ಎಂಬ ಚಿಕ್ಕ ಕಂಪನಿ 1993ರ ಜನವರಿಯಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶ ಅದೇ ವರ್ಷ ಆಲ್ಡಸ್ ಕಂಪನಿಯ ಪಾಲಾಗಿ, 1994ರಲ್ಲಿ ಆಲ್ಡಸ್ ಜೊತೆಗೆ ಅಡೋಬಿಗೆ ಸೇರಿತು. ಆರಂಭದಲ್ಲಿ ಅದರಲ್ಲಿದ್ದದ್ದು ಕೀಫ್ರೇಮ್ ಮಾತ್ರ. ಆಮೇಲೆ ಬಂದ ಮೋಷನ್ ಮ್ಯಾಥ್ ಎಂಬ ಸಲಕರಣೆ ಗಣಿತ ಬರೆಯಲು ಅವಕಾಶ ಕೊಟ್ಟರೂ ಲೆಕ್ಕದ ಫಲವನ್ನು ನೂರಾರು ಕೀಫ್ರೇಮುಗಳಾಗಿ ಸುರಿದುಬಿಡುತ್ತಿತ್ತು. ಒಂದು ಸಂಖ್ಯೆ ಬದಲಿಸಬೇಕೆಂದರೆ ಎಲ್ಲವನ್ನೂ ಅಳಿಸಿ ಮತ್ತೆ ಲೆಕ್ಕ ಹಾಕಿಸಬೇಕು. 2001ರ ಐದನೇ ಆವೃತ್ತಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ಆಧರಿಸಿದ ಎಕ್ಸ್‌ಪ್ರೆಶನ್‌ಗಳನ್ನು ತಂದಿತು. ಯಾವುದೇ ಗುಣದ ಪಕ್ಕದ ಸ್ಟಾಪ್‌ವಾಚ್ ಗುರುತನ್ನು ಆಲ್ಟ್ ಕೀಲಿಯೊಂದಿಗೆ ಒತ್ತಿದರೆ ಸಾಕು, ಬರೆಯಲು ಜಾಗ ತೆರೆಯುತ್ತದೆ. ಅಲ್ಲಿ ಬರೆದದ್ದು ಪ್ರತಿ ಫ್ರೇಮಿನಲ್ಲೂ ಜೀವಂತವಾಗಿ ಲೆಕ್ಕವಾಗುತ್ತದೆ. ಹೌದಿನಿ, ಮಾಯಾದಂಥ ಮೂರು ಆಯಾಮದ ತಂತ್ರಾಂಶಗಳಲ್ಲಿ ಇಂಥ ಸೌಲಭ್ಯ 1990ರ ದಶಕದಲ್ಲೇ ಇತ್ತು. ಆದರೆ ಟಿವಿ ಶೀರ್ಷಿಕೆ, ಜಾಹೀರಾತು ಮಾಡುವ ಸಾಮಾನ್ಯ ಡಿಸೈನರ್ ಕೈಗೆ ಗಣಿತ ಸಿಕ್ಕಿದ್ದು ಇಲ್ಲಿಂದ.

ಆಫ್ಟರ್ ಎಫೆಕ್ಟ್ಸ್ ಎಕ್ಸ್‌ಪ್ರೆಶನ್‌ಗೆ ಒಂದು ಕಟ್ಟುಪಾಡು ಇದೆ, ಪುಟಿತದ ಸೂತ್ರಗಳ ರೂಪವನ್ನು ನಿರ್ಧರಿಸಿದ್ದೇ ಅದು. ಹಿಂದಿನ ಫ್ರೇಮಿನಲ್ಲಿ ಲೆಕ್ಕ ಹಾಕಿದ್ದು ಮುಂದಿನ ಫ್ರೇಮಿಗೆ ನೆನಪಿರುವುದಿಲ್ಲ. ಕಾಲರೇಖೆಯ ಮೇಲೆ ಎಲ್ಲಿಗೆ ಬೇಕಾದರೂ ಜಿಗಿಯುವ ಸ್ವಾತಂತ್ರ್ಯ ಡಿಸೈನರ್‌ಗೆ ಇರಬೇಕಾದರೆ ಪ್ರತಿ ಫ್ರೇಮ್ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಆದ್ದರಿಂದ ವರ್ಲ್‌ವಿಂಡ್ ಮಾದರಿಯ ಹೆಜ್ಜೆಹೆಜ್ಜೆಯ ಲೆಕ್ಕ ಇಲ್ಲಿ ಒಗ್ಗುವುದಿಲ್ಲ. ಕಾಲವನ್ನು ಕೊಟ್ಟರೆ ಸ್ಥಾನವನ್ನು ನೇರವಾಗಿ ಹೇಳುವ ಸೂತ್ರವೇ ಬೇಕು. ಹೀಗೆ 18ನೇ ಶತಮಾನದವರು ಬಿಡಿಸಿಟ್ಟ ಉತ್ತರಗಳು ಮತ್ತೆ ಕೆಲಸಕ್ಕೆ ಬಂದವು.

ಹಲವರು ಮೊದಲು ಹಿಡಿದದ್ದು ಸುಲಭದ ಹಾದಿ: ಕೊಸೈನ್ ಅಲೆಯ ಋಣಭಾಗವನ್ನು ಮೇಲಕ್ಕೆ ಮಡಚಿ, ಇಳಿಮುಖದ ಘಾತಾಂಕದಿಂದ ಗುಣಿಸುವುದು. ಒಂದೇ ಸಾಲಿನಲ್ಲಿ ಮುಗಿಯುತ್ತದೆ, ದೂರದಿಂದ ಪುಟಿತದಂತೆಯೇ ಕಾಣುತ್ತದೆ. ಆದರೆ ಇದರಲ್ಲಿ ಚಿಕ್ಕ ನೆಗೆತಕ್ಕೂ ದೊಡ್ಡ ನೆಗೆತಕ್ಕೂ ಒಂದೇ ಕಾಲ. ಎತ್ತರ ತಗ್ಗಿದರೂ ಕಾಲ ತಗ್ಗದಿದ್ದರೆ ಗುರುತ್ವವೇ ಕ್ಷೀಣಿಸುತ್ತಿರುವಂತೆ ತೋರುತ್ತದೆ. ಚೆಂಡು ಕೊನೆಯಲ್ಲಿ ನೀರಿನಲ್ಲಿ ತೇಲಿದಂತಾಗುತ್ತದೆ. ಏನು ತಪ್ಪಿದೆಯೆಂದು ಹೇಳಲಾಗದ ನೋಡುಗನಿಗೂ ತಪ್ಪಿರುವುದು ತಿಳಿಯುತ್ತದೆ. ಸರಿಯಾದ ವಿಧಾನ ಗುಣೋತ್ತರ ಶ್ರೇಢಿಯದು: ಕೊಟ್ಟ ಕಾಲ ಎಷ್ಟನೆಯ ನೆಗೆತದಲ್ಲಿ ಬೀಳುತ್ತದೆ ಎಂದು ಎಣಿಸಿ, ಆ ನೆಗೆತ ಶುರುವಾದ ಮೇಲೆ ಕಳೆದ ಕಾಲವನ್ನು ಗೆಲಿಲಿಯೊನ ವರ್ಗಸೂತ್ರಕ್ಕೆ ಹಾಕುವುದು. ಇಲ್ಲಿ ಗುರುತ್ವದ ಬೆಲೆ 9.8 ಮೀಟರ್ ಅಲ್ಲ, ಪಿಕ್ಸೆಲ್ಲುಗಳಲ್ಲಿ ಹೇಳುವ ಕೆಲವು ಸಾವಿರದ ಸಂಖ್ಯೆ. ಪರದೆಯಲ್ಲಿ ಕೆಳಕ್ಕೆ ಹೋದಂತೆ ಅಳತೆ ಹೆಚ್ಚುವುದರಿಂದ ಚಿಹ್ನೆಯೂ ತಿರುವು ಮುರುವು.

ಈ ಕ್ಷೇತ್ರದಲ್ಲಿ ಡ್ಯಾನ್ ಎಬರ್ಟ್ಸ್ ಮಾಡಿದ ಕೆಲಸ ಅತ್ಯಂತ ವ್ಯಾಪಕವಾಗಿ ಹರಡಿತು. ನೆಲಕ್ಕೆ ಬಿದ್ದು ಪುಟಿಯುವುದು ಬೇರೆ, ನೆಲೆಯನ್ನು ದಾಟಿ ತೂಗಾಡುವುದು ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿ ಎರಡಕ್ಕೂ ಸೂತ್ರಗಳನ್ನು ಅವರು ವಿವರಣೆ ಸಹಿತ ಕೊಟ್ಟರು. ಡಿಸೈನರುಗಳ ನಡುವೆ ಕೈಯಿಂದ ಕೈಗೆ ದಾಟುತ್ತ ಬಂದಿರುವ ತೂಗಾಟದ ಎಕ್ಸ್‌ಪ್ರೆಶನ್‌ನ ಜಾಣ್ಮೆ ಹೀಗಿದೆ. ಸೂತ್ರ ತಾನಾಗಿ ಏನನ್ನೂ ಚಲಿಸುವಂತೆ ಮಾಡುವುದಿಲ್ಲ. ಡಿಸೈನರ್ ಕೈಯಿಂದ ಇಟ್ಟ ಕೀಫ್ರೇಮುಗಳಲ್ಲಿ ಈಗಷ್ಟೇ ಕಳೆದದ್ದು ಯಾವುದೆಂದು ಹುಡುಕುತ್ತದೆ, ಅಲ್ಲಿಗೆ ಬಂದು ತಲುಪಿದಾಗ ವಸ್ತುವಿನ ವೇಗ ಎಷ್ಟಿತ್ತೆಂದು ಕೇಳುತ್ತದೆ, ಆ ವೇಗಕ್ಕೆ ತಕ್ಕಷ್ಟು ತೂಗಾಟವನ್ನು ಮುಂದಿನ ಕಾಲಕ್ಕೆ ಸೇರಿಸುತ್ತದೆ. ಜೋರಾಗಿ ಬಂದದ್ದು ಜೋರಾಗಿ ತೂಗುತ್ತದೆ, ಮೆಲ್ಲಗೆ ಬಂದದ್ದು ಅಲುಗಿಯೂ ಅಲುಗದಂತೆ ನಿಲ್ಲುತ್ತದೆ. ಕೈ ಮತ್ತು ಸೂತ್ರ ಇಷ್ಟು ಹತ್ತಿರ ಬಂದದ್ದು ಆನಿಮೇಶನ್ ಇತಿಹಾಸದಲ್ಲಿ ಅಪರೂಪ.

ಇದಕ್ಕೆ ಬೇಕಾದ ಸಂಖ್ಯೆಗಳು ಮೂರೇ: ತೂಗಾಟದ ಅಗಲ, ಸೆಕೆಂಡಿಗೆ ಎಷ್ಟು ಸಲ ತೂಗಬೇಕು, ಎಷ್ಟು ಬೇಗ ಅಡಗಬೇಕು. ಸೆಕೆಂಡಿಗೆ 3 ತೂಗಾಟ, ಇಳಿತದ ಬೆಲೆ 5 ಎಂದಿಟ್ಟರೆ ಒಂದು ಸೆಕೆಂಡ್ ಮುಗಿಯುವ ಹೊತ್ತಿಗೆ ಅಲುಗಾಟ ಆರಂಭದ ನೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಿರುತ್ತದೆ. ಅಗಲವನ್ನು ಮನಸ್ಸಿಗೆ ಬಂದಂತೆ ಇಡುವುದಕ್ಕಿಂತ, ಬಂದ ವೇಗವನ್ನು 2 ಪೈ ಮತ್ತು ಆವೃತ್ತಿಯ ಗುಣಲಬ್ಧದಿಂದ ಭಾಗಿಸಿ ಪಡೆಯುವುದು ಮೇಲು. ಆಗ ಕೀಫ್ರೇಮಿನ ಚಲನೆ ಮುಗಿದು ತೂಗಾಟ ಶುರುವಾಗುವ ಕ್ಷಣದಲ್ಲಿ ವೇಗ ಮುರಿಯುವುದಿಲ್ಲ, ಜೋಡಣೆ ಕಾಣುವುದಿಲ್ಲ. ಹಿಗ್ಗು–ಕುಗ್ಗನ್ನೂ ಸೂತ್ರಕ್ಕೆ ಒಪ್ಪಿಸಬಹುದು: ಎತ್ತರ ಶೇಕಡ 80ಕ್ಕೆ ಇಳಿದರೆ ಅಗಲ 125ಕ್ಕೆ ಏರಬೇಕು, ಎರಡರ ಗುಣಲಬ್ಧ ಬದಲಾಗದಿರಲಿ ಎಂದು ಬರೆದರೆ ಸಾಕು. ಡಿಸ್ನಿಯ ತರಗತಿಯಲ್ಲಿ ಕಣ್ಣಂದಾಜಿನಿಂದ ಪಾಲಿಸುತ್ತಿದ್ದ ನಿಯಮ ಇಲ್ಲಿ ಒಂದು ಭಾಗಾಕಾರ.

ಸೂತ್ರದ ನಿಜವಾದ ಬಲ ತಿಳಿಯುವುದು ವಸ್ತುಗಳು ಹೆಚ್ಚಾದಾಗ. ನೂರು ಲೇಯರುಗಳಿಗೆ, ಅಂದರೆ ಬೇರೆಬೇರೆ ಪದರಗಳಲ್ಲಿಟ್ಟ ವಸ್ತುಗಳಿಗೆ, ಒಂದೇ ಎಕ್ಸ್‌ಪ್ರೆಶನ್ ಹಾಕಿ, ಪ್ರತಿ ಲೇಯರಿನ ಕ್ರಮಸಂಖ್ಯೆಗೆ ತಕ್ಕಂತೆ ಕಾಲವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸಿದರೆ ಇಡೀ ಸಾಲು ಅಲೆಯಂತೆ ಪುಟಿಯುತ್ತದೆ. ಅಕ್ಷರಗಳನ್ನು ಕುಣಿಸುವುದು ಬಹುಪಾಲು ಹೀಗೆಯೇ. ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಒಂದು ಎಚ್ಚರ ವಹಿಸಬೇಕಾಗುತ್ತದೆ. ಜಾವಾಸ್ಕ್ರಿಪ್ಟ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನೇ ಹೊರತು ನಾವು ಓದುವ ಅಕ್ಷರವನ್ನಲ್ಲ. ನಮಗೆ ಒಂದೇ ಅಕ್ಷರವಾದ ‘ಸ್ತ್ರೀ’ ಅದರ ಲೆಕ್ಕದಲ್ಲಿ ಆರು. ಸಂಕೇತಕ್ಕೊಂದರಂತೆ ಚಲನೆ ಹಂಚಿದರೆ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಹಾರುವ ಅಪಾಯವಿದೆ. ಒಂದೊಂದು ಅಕ್ಷರವನ್ನೂ ಒತ್ತು, ಕೊಂಬು, ದೀರ್ಘಗಳ ಸಮೇತ ಬೇರೆ ಲೇಯರಿನಲ್ಲಿ ಇಟ್ಟು ಲೇಯರಿಗೆ ಸೂತ್ರ ಹಾಕುವುದು ಸುರಕ್ಷಿತ ದಾರಿ. ಆನಿಮೇಶನ್, ವಿಎಫ್ಎಕ್ಸ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ 2012ರಲ್ಲೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದೆ. ಆ ಉದ್ಯಮ ಬೆಳೆದಿರುವ ಬೆಂಗಳೂರಿನಲ್ಲಿ ಕನ್ನಡ ಅಕ್ಷರದ ಚಲನೆಗೆಂದೇ ತಿದ್ದಿದ ಸಲಕರಣೆಗಳು ಸಿದ್ಧವಾಗಬೇಕಾದದ್ದು ನ್ಯಾಯ.

ಈ ಸೂತ್ರಗಳು ಡಿಸೈನರುಗಳ ನಡುವೆ ಹರಡುತ್ತಿದ್ದ ಅವಧಿಯಲ್ಲೇ ಪುಟಿತ ಪರದೆಯ ಅಲಂಕಾರದಿಂದ ಬಳಕೆಯ ಭಾಷೆಗೆ ಇಳಿಯಿತು. 2007ರ ಐಫೋನಿನಲ್ಲಿ ಪಟ್ಟಿಯ ಕೊನೆ ತಲುಪಿದರೆ ಅದು ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಇನ್ನು ಮುಂದಿಲ್ಲ ಎಂಬುದನ್ನು ಮಾತಿಲ್ಲದೆ ತಿಳಿಸುವ ವಿಧಾನವದು. 2012ರಲ್ಲಿ ಆಪಲ್ ಮತ್ತು ಸ್ಯಾಮ್‌ಸಂಗ್ ನಡುವೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊಕದ್ದಮೆಯಲ್ಲಿ ಜ್ಯೂರಿಯ ಮುಂದೆ ಬಂದ ಪೇಟೆಂಟುಗಳಲ್ಲಿ ಈ ಹಿಮ್ಮರಳುವಿಕೆಯದೂ ಒಂದು.

ಆಫ್ಟರ್ ಎಫೆಕ್ಟ್ಸ್‌ನಲ್ಲಿ 2018ರ ಅಕ್ಟೋಬರ್‌ನಲ್ಲಿ ಹಳೆಯ ಲೆಕ್ಕಯಂತ್ರದ ಜಾಗಕ್ಕೆ ಆಧುನಿಕ ಜಾವಾಸ್ಕ್ರಿಪ್ಟ್ ಎಂಜಿನ್ ಬಂದು ಎಕ್ಸ್‌ಪ್ರೆಶನ್‌ಗಳು ಚುರುಕಾದವು. ಪುಟಿತದ ಸೂತ್ರಗಳನ್ನು ಮಾತ್ರ ಅದು ಹೆಚ್ಚೇನೂ ಬದಲಿಸಲಿಲ್ಲ. ಬದಲಾವಣೆ ಬಂದದ್ದು ಸೂತ್ರ ತಂತ್ರಾಂಶದಿಂದ ಹೊರಗೆ ಹೋಗುವ ಜಾಗದಲ್ಲಿ. ಆಫ್ಟರ್ ಎಫೆಕ್ಟ್ಸ್‌ನ ಚಲನೆಯನ್ನು ಆ್ಯಪ್‌ಗಳಿಗೆ ಒಯ್ಯುವ ಲಾಟಿ ಎಂಬ ಮುಕ್ತ ಗ್ರಂಥಾಲಯವನ್ನು ಏರ್‌ಬಿಎನ್‌ಬಿ 2017ರಲ್ಲಿ ಬಿಡುಗಡೆ ಮಾಡಿತು. ಅದರ ಮೊಬೈಲ್ ಆವೃತ್ತಿಗಳು ಎಕ್ಸ್‌ಪ್ರೆಶನ್ ಓದುವುದಿಲ್ಲ. ಆದ್ದರಿಂದ ಡಿಸೈನರ್ ಸೂತ್ರವನ್ನು ಮತ್ತೆ ಕೀಫ್ರೇಮುಗಳಾಗಿ ಪರಿವರ್ತಿಸಿ ಕಳಿಸಬೇಕಾಗುತ್ತದೆ. ಬ್ರೌಸರುಗಳ ಕಥೆಯೂ ಹತ್ತಿರದ್ದೇ. ಜಾಲಪುಟಗಳ ರೂಪವನ್ನು ಬರೆಯುವ ಸಿಎಸ್ಎಸ್ ಭಾಷೆ ಚಲನೆಯ ಏರಿಳಿತಕ್ಕೆ ಬಹುಕಾಲ ಬಳಸಿದ ಬೆಜಿಯೆ ವಕ್ರರೇಖೆ ಗುರಿಯನ್ನು ಒಮ್ಮೆ ದಾಟಿ ಬರಬಲ್ಲದು, ಹಲವು ಸಲ ಪುಟಿಯಲಾರದು. 2023ರಲ್ಲಿ ಪ್ರಮುಖ ಬ್ರೌಸರುಗಳು ಲೀನಿಯರ್ ಎಂಬ ಹೊಸ ಸೌಲಭ್ಯವನ್ನು ಒಪ್ಪಿಕೊಂಡ ಮೇಲೆ ಪುಟಿತ ಅಲ್ಲಿಯೂ ಸಾಧ್ಯವಾಯಿತು. ಆದರೆ ಅಲ್ಲಿ ಬರೆಯುವುದು ಸೂತ್ರವನ್ನಲ್ಲ, ಸೂತ್ರದಿಂದ ಮೊದಲೇ ಲೆಕ್ಕ ಹಾಕಿಟ್ಟ ಹತ್ತಾರು ಬಿಂದುಗಳ ಪಟ್ಟಿಯನ್ನು.